ಹೈಬ್ರಿಡ್ ಪಿಕಪ್‌ಗೆ ಟ್ರೇಲರ್ ಕಟ್ಟಿ ಬೆಟ್ಟ ಹತ್ತುವುದು, ಇಳಿಯುವುದು: ಸಮಗ್ರ ಮಾರ್ಗದರ್ಶಿ

ಬೇಸಿಗೆ ರಜೆ ಬಂತೆಂದರೆ ಅದೇ ಪ್ರಶ್ನೆ. "ಫೋರ್ಡ್ ಮ್ಯಾವರಿಕ್ ಹೈಬ್ರಿಡ್ ಇದೆ. ಚಿಕ್ಕ ಟ್ರೇಲರ್ ಕಟ್ಟಿಕೊಂಡು ಡೆನ್ವರ್‌ನಿಂದ ಬೆಟ್ಟದ ಕಡೆ ಹೊರಟೆವು. ಅರ್ಧ ಏರಿಗೆ ಗಾಡಿ ಸೊರಗಿತು, ಎಂಜಿನ್ ಕಿರುಚಿಕೊಂಡಿತು. ಇಳಿಯುವಾಗ ಬ್ರೇಕ್ ಸುಟ್ಟ ವಾಸನೆ. ಗಾಡಿ ಕೆಟ್ಟಿದೆಯಾ?" ಬಹಳ ಸಲ ಗಾಡಿ ಸರಿಯಾಗೇ ಇರುತ್ತದೆ. ತೂಕದ ಲೆಕ್ಕ ತಪ್ಪಿರುತ್ತದೆ, ಇಲ್ಲವೇ ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿರುತ್ತಾರೆ.

ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿಯಿಂದ ಓಡುವ ಎಲೆಕ್ಟ್ರಿಕ್ ಮೋಟರೂ ಇರುವ ಗಾಡಿ. ಒಂದು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ. ಬೆಟ್ಟದಲ್ಲಿ ಬ್ಯಾಟರಿಯನ್ನು ನಂಬಿಕೊಳ್ಳಬೇಡಿ. ಈ ಗಾಡಿಯ ಬ್ಯಾಟರಿ ಬರೀ 1.1 ಕಿಲೋವ್ಯಾಟ್-ಅವರ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ ಒಂದು ಯೂನಿಟ್‌ಗಿಂತ ಚೂರು ಜಾಸ್ತಿ. ಊರೊಳಗೆ ನಿಂತು ಹೊರಡುವ ಓಡಾಟಕ್ಕೆ ಅದು ಧಾರಾಳ. ಉದ್ದದ ಏರಿನಲ್ಲಿ ಮಾತ್ರ ಒಂದೆರಡು ನಿಮಿಷಕ್ಕೆ ಖಾಲಿ. ಉದ್ದದ ಇಳಿಜಾರಿನಲ್ಲಿ ಅಷ್ಟೇ ಬೇಗ ಭರ್ತಿ. ಹಾಗಾಗಿ ಹತ್ತುವಾಗ ಎಂಜಿನ್ ಒಂದೇ ಇದೆ ಅಂದುಕೊಂಡು ಹತ್ತಿ. ಇಳಿಯುವಾಗ ಬ್ಯಾಟರಿ ಆಗಲೇ ತುಂಬಿದೆ ಅಂದುಕೊಂಡು ಇಳಿಯಿರಿ.

ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಅಮೆರಿಕದ ಕೊಲರಾಡೊ ರಾಜ್ಯದ ಐ-70 ಹೆದ್ದಾರಿ. ಡೆನ್ವರ್ ಇರುವುದು 5,280 ಅಡಿ ಎತ್ತರದಲ್ಲಿ. ಅಲ್ಲಿಂದ ಹತ್ತಿ ಹತ್ತಿ 11,158 ಅಡಿಯ ಐಸೆನ್‌ಹೋವರ್ ಸುರಂಗ ಮುಟ್ಟಬೇಕು, ಆಮೇಲೆ ಸಿಲ್ವರ್‌ಥಾರ್ನ್ ಕಡೆ ಕಡಿದಾಗಿ ಇಳಿಯಬೇಕು. ಕ್ಯಾಲಿಫೋರ್ನಿಯಾದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಐ-80 ಹೆದ್ದಾರಿಯಲ್ಲಿ ಡಾನರ್ ಸಮಿಟ್ ದಾಟಿ ಲೇಕ್ ಟಾಹೊಗೆ ಹೋಗುವವರಿಗೂ ಕ್ರಮ ಇದೇ. ಎತ್ತರ ಮಾತ್ರ ಕಡಿಮೆ, 7,200 ಅಡಿ ಚಿಲ್ಲರೆ.

## ಜೊತೆಗೆ ಇರಬೇಕಾದ ಸಾಮಾನು

- ಟೈರ್ ಗಾಳಿ ನೋಡುವ ಗೇಜ್, ಚಿಕ್ಕ ಏರ್ ಪಂಪ್
- ಟ್ರೇಲರ್ ಚಕ್ರದ ನಟ್ಟಿಗೆ ಸರಿಹೊಂದುವ ಟಾರ್ಕ್ ವ್ರೆಂಚ್
- ಚಕ್ರ ಉರುಳದಂತೆ ಒತ್ತುಕೊಡುವ ಚಾಕ್, ಎರಡು ಜೊತೆ
- ಮನೆಯಲ್ಲಿ ತೂಕ ನೋಡಿಕೊಳ್ಳುವ ಸ್ಕೇಲ್, ಒಂದು ಗಟ್ಟಿ ಮರದ ತುಂಡು
- ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್
- ಟ್ರೇಲರ್‌ಗೆ ಸ್ಟೆಪ್ನಿ, ಅದನ್ನು ಎತ್ತುವ ಜ್ಯಾಕ್

ಕೊನೆಯದನ್ನು ಎಷ್ಟೋ ಜನ ಮರೆಯುತ್ತಾರೆ. ಪಿಕಪ್‌ನ ಸ್ಟೆಪ್ನಿ ಟ್ರೇಲರ್‌ಗೆ ಆಗುವುದಿಲ್ಲ.

## ಹಂತ 1: ತೂಕದ ಲೆಕ್ಕ, ಅದೂ ಎತ್ತರ ಸೇರಿಸಿ

2022ರಿಂದ 2024ರವರೆಗಿನ ಮ್ಯಾವರಿಕ್ ಹೈಬ್ರಿಡ್ ಎಳೆಯುವ ಮಿತಿ 2,000 ಪೌಂಡ್, ಅಂದರೆ ಸುಮಾರು 900 ಕೆ.ಜಿ. ಅವೆಲ್ಲ ಮುಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಗಾಡಿಗಳು. 2025ರ ಮಾಡೆಲ್‌ನಿಂದ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಹೈಬ್ರಿಡ್ ಬಂತು. ಅದಕ್ಕೆ ಹೆಚ್ಚು ಭಾರ ಎಳೆಯಲು ಕಂಪನಿಯೇ ಕೊಡುವ 4ಕೆ ಟೋ ಪ್ಯಾಕೇಜ್ ಹಾಕಿಸಿದ್ದರೆ ಮಿತಿ 4,000 ಪೌಂಡ್. ನಿಮ್ಮದು ಯಾವುದು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಹಿಂದೆ ಹಿಚ್ (ಟ್ರೇಲರ್ ಕಟ್ಟುವ ಕೊಂಡಿ) ಕಂಡ ಮಾತ್ರಕ್ಕೆ ಅದು 4,000 ಪೌಂಡ್ ಎಳೆಯುವ ಗಾಡಿ ಆಗುವುದಿಲ್ಲ. ಹೊರಗಡೆ ಅಂಗಡಿಯಲ್ಲಿ ದೊಡ್ಡ ಹಿಚ್ ಹಾಕಿಸಿದರೂ ಆಗುವುದಿಲ್ಲ.

ಜನ ಎಡವುವುದು ಇದರ ಮುಂದಿನ ಲೆಕ್ಕದಲ್ಲಿ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಈ 2.5 ಲೀಟರ್ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲ, ಹಾಗಾಗಿ ಪ್ರತಿ 1,000 ಅಡಿಗೆ ಸುಮಾರು 3 ಪ್ರತಿಶತ ಬಲ ಕಳೆದುಕೊಳ್ಳುತ್ತದೆ. ಅದಕ್ಕೇ ಫೋರ್ಡ್ ಕೊಡುವ ಸೂಚನೆ ಹೀಗಿದೆ: ಗಾಡಿ, ಜನ, ಸಾಮಾನು, ಟ್ರೇಲರ್ ಎಲ್ಲ ಸೇರಿದ ಒಟ್ಟು ತೂಕದ ಮಿತಿಯಲ್ಲಿ, ಮೊದಲ 1,000 ಅಡಿ ಬಿಟ್ಟು, ಮುಂದಿನ ಪ್ರತಿ 1,000 ಅಡಿಗೆ 2 ಪ್ರತಿಶತ ಕಳೆಯಿರಿ.

ಕೇಳಲಿಕ್ಕೆ ಚಿಕ್ಕದು. ಲೆಕ್ಕ ಹಾಕಿ ನೋಡಿ. ಒಟ್ಟು ಮಿತಿ 6,000 ಪೌಂಡ್ ಅಂತಿಟ್ಟುಕೊಳ್ಳೋಣ. 11,000 ಅಡಿಗೆ 20 ಪ್ರತಿಶತ ಹೋಗುತ್ತದೆ, ಉಳಿಯುವುದು 4,800. ಗಾಡಿ ಮತ್ತು ಇಬ್ಬರು ಸೇರಿ ಹೆಚ್ಚುಕಡಿಮೆ 4,000 ಪೌಂಡ್. ಹಾಗಾದರೆ ಟ್ರೇಲರ್‌ಗೆ ಉಳಿದದ್ದು 800. ಗಾಡಿಯ ತೂಕ ಕರಗುವುದಿಲ್ಲ ನೋಡಿ, ಕಳೆದ 1,200 ಪೌಂಡೂ ಟ್ರೇಲರ್ ಪಾಲಿನಿಂದಲೇ ಹೋಗುತ್ತದೆ. ನಿಮ್ಮ ಗಾಡಿಯ ಸರಿಯಾದ ಒಟ್ಟು ಮಿತಿ ಮ್ಯಾನುಯಲ್‌ನಲ್ಲಿದೆ, ಅದನ್ನಿಟ್ಟು ಇದೇ ಲೆಕ್ಕ ಮಾಡಿ.

ನನ್ನ ಖಚಿತ ಅಭಿಪ್ರಾಯ ಇದು. 11,000 ಅಡಿ ದಾಟುವ ದಾರಿಯಲ್ಲಿ 2,000 ಪೌಂಡಿನ ಟ್ರೇಲರ್ ಎಳೆಯಬೇಕೆಂದರೆ 4,000 ಪೌಂಡಿನ ಪ್ಯಾಕೇಜ್ ಇರುವ ಗಾಡಿಯೇ ಬೇಕು. 2,000 ಪೌಂಡ್ ಮಿತಿಯ ಗಾಡಿ ಇದ್ದರೆ ಚಿಕ್ಕ ತೆರೆದ ಟ್ರೇಲರ್‌ನಲ್ಲಿ ಟೆಂಟು, ಸೈಕಲ್ಲು ಒಯ್ಯಿರಿ, ಅಷ್ಟು ಸಾಕು.

ಇನ್ನೊಂದು ಸಂಖ್ಯೆ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುವ ಹಳದಿ ಅಂಚಿನ ಸ್ಟಿಕ್ಕರ್‌ನಲ್ಲಿದೆ. ಜನ ಮತ್ತು ಸಾಮಾನು ಸೇರಿ ಗಾಡಿ ಎಷ್ಟು ಹೊರಬಹುದು ಅನ್ನುವುದು ಅಲ್ಲಿ ಬರೆದಿರುತ್ತದೆ. ಟ್ರೇಲರ್ ಮೂತಿ ಹಿಚ್ ಮೇಲೆ ಹೇರುವ ಭಾರವನ್ನೂ ಅದರಲ್ಲೇ ಕಳೆಯಬೇಕು. ನಾಲ್ಕು ಜನ, ತೊಟ್ಟಿ ತುಂಬ ಸಾಮಾನು, ಜೊತೆಗೆ ಹಿಚ್ ಮೇಲೆ 200 ಪೌಂಡ್ ಅಂದರೆ ಮಿತಿ ದಾಟಿದ್ದೇ ಗೊತ್ತಾಗುವುದಿಲ್ಲ. ಅಂದಾಜು ಬೇಡ. ಅಮೆರಿಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ತೂಕದ ಕಟ್ಟೆ ಇರುತ್ತದೆ. ಎಲ್ಲ ತುಂಬಿದ ಮೇಲೆ ಒಮ್ಮೆ ಹತ್ತಿಸಿ ಚೀಟಿ ತೆಗೆದುಕೊಳ್ಳಿ.

## ಹಂತ 2: ಟ್ರೇಲರ್ ಆರಿಸುವುದು

ತೂಕ ಒಂದೇ ಇದ್ದರೂ ಎತ್ತರದ ಡಬ್ಬಿಯಂಥ ಟ್ರೇಲರ್ ಎಳೆಯುವುದು ಕಷ್ಟ, ಗಾಡಿಯ ಮರೆಯಲ್ಲೇ ಬರುವ ತಗ್ಗು ಟ್ರೇಲರ್ ಸುಲಭ. ಮುಂಭಾಗದ ಅಗಲ-ಎತ್ತರಕ್ಕೂ ಮ್ಯಾನುಯಲ್‌ನಲ್ಲಿ ಮಿತಿ ಕೊಟ್ಟಿರುತ್ತಾರೆ, ನೋಡಿಕೊಳ್ಳಿ.

ಬ್ರೇಕ್ ಬಗ್ಗೆ ಹೇಳಲೇಬೇಕು. ಟ್ರೇಲರ್‌ಗೆ ತನ್ನದೇ ಬ್ರೇಕ್ ಇರಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡಿಗೇ ಶುರುವಾಗುತ್ತದೆ, ಕೊಲರಾಡೊದಲ್ಲಿ 3,000ಕ್ಕೆ. ಬೆಟ್ಟದ ಮಟ್ಟಿಗೆ ಕ್ಯಾಲಿಫೋರ್ನಿಯಾ ಲೆಕ್ಕವನ್ನೇ ಹಿಡಿಯಿರಿ. ಕಾನೂನು ಬಿಟ್ಟಿದೆ ಅಂದ ಮಾತ್ರಕ್ಕೆ ಇಳಿಜಾರು ಬಿಡುವುದಿಲ್ಲ. ಎಲೆಕ್ಟ್ರಿಕ್ ಬ್ರೇಕ್ ಇದ್ದರೆ 7 ಪಿನ್ನಿನ ಪ್ಲಗ್ ಮತ್ತು ಟ್ರೇಲರ್ ಬ್ರೇಕನ್ನು ಚಾಲಕನ ಸೀಟಿನಿಂದ ನಿಯಂತ್ರಿಸುವ ಬ್ರೇಕ್ ಕಂಟ್ರೋಲರ್ ಎರಡೂ ಬೇಕು. 4 ಪಿನ್ನಿನ ಪ್ಲಗ್‌ನಲ್ಲಿ ಬರೀ ಲೈಟ್ ಉರಿಯುತ್ತದೆ, ಬ್ರೇಕ್‌ಗೆ ತಂತಿಯೇ ಇರುವುದಿಲ್ಲ.

## ಹಂತ 3: ಸಾಮಾನು ತುಂಬುವುದು

ಟ್ರೇಲರ್ ತೂಕದ 10ರಿಂದ 15 ಪ್ರತಿಶತ ಹಿಚ್ ಮೇಲೆ ಬೀಳಬೇಕು. ಅದಕ್ಕಾಗಿ ಸಾಮಾನಿನ ಸುಮಾರು 60 ಪ್ರತಿಶತ ಭಾರ ಟ್ರೇಲರ್ ಚಕ್ರದ ಅಚ್ಚಿನ ಮುಂದುಗಡೆ ಇರಲಿ. ನೀರಿನ ಕ್ಯಾನು, ಜನರೇಟರ್, ಕೂಲರ್ ಇಂಥವನ್ನು ಕೆಳಗೆ, ಅಚ್ಚಿನ ಮೇಲೆ ಅಥವಾ ಸ್ವಲ್ಪ ಮುಂದೆ ಇಡಿ. ಹಾಸಿಗೆ, ಬಟ್ಟೆ ಹಿಂದಿರಲಿ.

ಹಿಂಭಾಗ ಭಾರವಾದರೆ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ, ಇಳಿಜಾರಿನಲ್ಲಿ ಅದು ಗಾಡಿಯನ್ನೇ ತಿರುಗಿಸಿಬಿಡಬಹುದು. ಮುಂಭಾಗ ಅತಿಯಾದರೂ ತೊಂದರೆಯೇ. ಪಿಕಪ್‌ನ ಹಿಂಭಾಗ ಕುಸಿದು ಮುಂದಿನ ಚಕ್ರ ಹಗುರವಾಗುತ್ತದೆ. ಮುಂದಿನ ಚಕ್ರವೇ ಎಳೆಯುವ ಮಾಡೆಲ್‌ನಲ್ಲಿ ಇದು ದೊಡ್ಡ ಸಮಸ್ಯೆ, ಒದ್ದೆ ಏರಿನಲ್ಲಿ ಚಕ್ರ ಸುಮ್ನೆ ಸುತ್ತುತ್ತದೆ, ಗಾಡಿ ಕದಲುವುದಿಲ್ಲ.

ಅಳೆಯುವುದು ಹೀಗೆ. ಸಮತಟ್ಟಾದ ಜಾಗದಲ್ಲಿ ಟ್ರೇಲರ್ ಚಕ್ರಕ್ಕೆ ಚಾಕ್ ಕೊಡಿ. ಸ್ಕೇಲ್ ಮೇಲೆ ಮರದ ತುಂಡು ನಿಲ್ಲಿಸಿ. ಹಿಚ್ ಎಷ್ಟು ಎತ್ತರದಲ್ಲಿ ಇರುತ್ತದೋ ಅಷ್ಟೇ ಎತ್ತರಕ್ಕೆ ಟ್ರೇಲರ್ ಮೂತಿ ಅದರ ಮೇಲೆ ಕೂರಬೇಕು. ಜ್ಯಾಕ್ ಇಳಿಸಿ ಓದಿಕೊಳ್ಳಿ. 1,500 ಪೌಂಡಿನ ಟ್ರೇಲರ್‌ಗೆ 150ರಿಂದ 225 ಬಂದರೆ ಸರಿ. ಜೊತೆಗೆ ಮ್ಯಾನುಯಲ್‌ನಲ್ಲಿರುವ ಹಿಚ್ ಭಾರದ ಮಿತಿಯನ್ನೂ ನೋಡಿ, 2,000 ಪೌಂಡಿನ ಗಾಡಿಗೆ ಅದು 200. ಕಡಿಮೆ ಬಂದರೆ ಸಾಮಾನು ಮುಂದೆ ಸರಿಸಿ, ಜಾಸ್ತಿ ಬಂದರೆ ಹಿಂದೆ. ಕ್ಯಾಂಪ್‌ನಿಂದ ವಾಪಸ್ ಹೊರಡುವಾಗಲೂ ಇದೇ ಪರೀಕ್ಷೆ ಮಾಡಿ. ಬರುವಾಗ ನೀರು ಖಾಲಿಯಾಗಿರುತ್ತದೆ, ಸಾಮಾನು ಸಿಕ್ಕಲ್ಲಿ ತುರುಕಿರುತ್ತೇವೆ, ಅಲ್ವಾ?

## ಹಂತ 4: ಕೊಂಡಿ ಹಾಕುವ ಕ್ರಮ

ಹಿಚ್ ಮೇಲಿರುವ ಗುಂಡು ಬಾಲ್, ಅದರ ಮೇಲೆ ಕೂರುವ ಟ್ರೇಲರ್ ಮೂತಿಯ ಬಟ್ಟಲು ಕಪ್ಲರ್. ಬಾಲ್ ಅಳತೆ ಮೊದಲು ನೋಡಿ. ಬಾಲ್ ಮೇಲೂ, ಟ್ರೇಲರ್‌ನ ಕಪ್ಲರ್ ಮೇಲೂ ಅಳತೆ ಅಚ್ಚು ಹಾಕಿರುತ್ತಾರೆ. 2 ಇಂಚಿನ ಕಪ್ಲರ್ 1⅞ ಇಂಚಿನ ಬಾಲ್ ಮೇಲೆ ಕೂತಂತೆ ಕಾಣುತ್ತದೆ, ಬೀಗವೂ ಬೀಳುತ್ತದೆ. ದಾರಿಯಲ್ಲಿ ಒಂದು ಗುಂಡಿ ಸಿಕ್ಕಿದರೆ ಎಗರಿ ಹೊರಬರುತ್ತದೆ.

ಕಪ್ಲರ್ ಇಳಿಸಿ, ಚಿಲಕ ಹಾಕಿ, ಪಿನ್ ತೂರಿಸಿ. ಈಗ ಟ್ರೇಲರ್ ಜ್ಯಾಕನ್ನು ಮತ್ತೆ ಸ್ವಲ್ಪ ಮೇಲಕ್ಕೆ ತಿರುಗಿಸಿ. ಪಿಕಪ್‌ನ ಹಿಂಭಾಗವೂ ಜೊತೆಗೆ ಮೇಲೆದ್ದರೆ ಕೊಂಡಿ ಕೂತಿದೆ. ಟ್ರೇಲರ್ ಮೂತಿ ಒಂದೇ ಎದ್ದರೆ ಕೂತಿಲ್ಲ, ಬಿಚ್ಚಿ ಮೊದಲಿಂದ ಹಾಕಿ.

ಆಮೇಲೆ ಸರಪಳಿ. ಎರಡನ್ನೂ ಮೂತಿಯ ಕೆಳಗೆ ಅಡ್ಡಡ್ಡ ದಾಟಿಸಿ ಸಿಕ್ಕಿಸಿ. ಕೊಂಡಿ ಕಳಚಿದರೆ ಮೂತಿ ಆ ಸರಪಳಿ ತೊಟ್ಟಿಲಲ್ಲಿ ಬೀಳುತ್ತದೆ, ರಸ್ತೆಗೆ ನೆಡುವುದಿಲ್ಲ. ತಿರುವಿಗೆ ಸಾಕಾಗುವಷ್ಟು ಸಡಿಲ ಇರಲಿ, ನೆಲಕ್ಕೆ ಉಜ್ಜಬಾರದು. ಕಳಚಿದಾಗ ಟ್ರೇಲರ್ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ಬ್ರೇಕ್‌ಅವೇ ತಂತಿಯನ್ನು ಗಾಡಿಗೇ ಸಿಕ್ಕಿಸಿ, ಸರಪಳಿಗಲ್ಲ. ಪ್ಲಗ್, ಲೈಟ್ ಪರೀಕ್ಷೆ, ಜ್ಯಾಕ್ ಪೂರ್ತಿ ಮೇಲಕ್ಕೆ, ಕೊನೆಗೆ ಚಾಕ್ ತೆಗೆಯುವುದು.

## ಹಂತ 5: ಬೆಟ್ಟಕ್ಕೆ ಮುಂಚೆ ಸಮತಟ್ಟಿನಲ್ಲಿ ಪರೀಕ್ಷೆ

ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಟ್ರೇಲರ್ ಟೈರ್‌ಗೆ ಅದರ ಮೈಮೇಲೆ ಬರೆದ ಪೂರ್ತಿ ಒತ್ತಡ ಹಾಕಿ. ಬ್ರೇಕ್ ಫ್ಲೂಯಿಡ್ ಹಳೆಯದಾಗಿದ್ದರೆ ಬದಲಾಯಿಸಿ. ಹಳೆಯ ಫ್ಲೂಯಿಡ್ ನೀರು ಹೀರಿಕೊಂಡಿರುತ್ತದೆ, ಇಳಿಜಾರಿನ ಶಾಖಕ್ಕೆ ಕುದಿಯುತ್ತದೆ, ಪೆಡಲ್ ಮೆತ್ತಗಾಗುತ್ತದೆ.

ಕೊಲರಾಡೊದಲ್ಲಿ ರೆಗ್ಯುಲರ್ ಅಂತ ಮಾರುವ ಪೆಟ್ರೋಲ್ ಬಹುತೇಕ ಕಡೆ 85 ಆಕ್ಟೇನ್. ಈ ಗಾಡಿಗೆ ಫೋರ್ಡ್ ಹೇಳುವುದು ಕನಿಷ್ಠ 87. ಟ್ರೇಲರ್ ಎಳೆಯುವ ದಿನ ನಾಲ್ಕು ಡಾಲರ್ ಉಳಿಸಲು ಹೋಗಬೇಡಿ, ಪಕ್ಕದ ಬಟನ್ ಒತ್ತಿ.

ಊರಿನ ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೋಗಿ. ನಿಧಾನವಾಗಿ ಹೋಗುತ್ತ ಕಂಟ್ರೋಲರ್‌ನ ಕೈ ಲಿವರ್ ಒತ್ತಿದರೆ ಟ್ರೇಲರ್ ಹಿಂದಕ್ಕೆ ಎಳೆದಂತೆ ಅನ್ನಿಸಬೇಕು, ಆದರೆ ಚಕ್ರ ಲಾಕ್ ಆಗಬಾರದು. ಆಮೇಲೆ ನಿಲ್ಲಿಸಿ, ಟ್ರೇಲರ್ ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚ್‌ನಿಂದ ಮತ್ತೊಮ್ಮೆ ನೋಡಿ.

ಸಮಯವನ್ನೂ ಆರಿಸಿ. ಶುಕ್ರವಾರ ಸಂಜೆ ಬೆಟ್ಟದ ಕಡೆಗೆ, ಭಾನುವಾರ ಮಧ್ಯಾಹ್ನ ಡೆನ್ವರ್ ಕಡೆಗೆ ಐ-70 ತುಂಬಿ ತೆವಳುತ್ತದೆ. ಏರಿನಲ್ಲಿ ನಿಂತು ಹೊರಡುವ ಟ್ರಾಫಿಕ್ ಹೈಬ್ರಿಡ್ ಮೋಟರ್‌ಗೆ ಅತಿ ಕಷ್ಟದ ಕೆಲಸ. ಬೆಳಗ್ಗೆ ಬೇಗ ಹೊರಡಿ, ಎಂಜಿನ್‌ಗೆ ತಣ್ಣನೆ ಗಾಳಿಯೂ ಸಿಗುತ್ತದೆ.

## ಹಂತ 6: ಏರು ಹತ್ತುವುದು

ಏರು ಶುರುವಾಗುವ ಮೊದಲೇ ಭಾರ ಎಳೆಯಲೆಂದೇ ಇರುವ ಟೋ/ಹಾಲ್ ಮೋಡ್ ಹಾಕಿ. ಪೆಟ್ರೋಲ್ ಉಳಿಸುವ ಇಕೋ ಮೋಡ್ ಇವತ್ತು ಬೇಡ. ಬಲ ಲೇನ್ ಹಿಡಿಯಿರಿ.

ಎಷ್ಟು ವೇಗ? ಗಾಡಿ, ಜನ, ಟ್ರೇಲರ್ ಸೇರಿ 2,800 ಕೆ.ಜಿ. ಇದೆ ಅಂತಿಟ್ಟುಕೊಳ್ಳಿ. 6 ಪ್ರತಿಶತದ ಏರಿನಲ್ಲಿ (ನೂರು ಅಡಿ ಮುಂದೆ ಹೋದರೆ ಆರು ಅಡಿ ಮೇಲೆ) ಗಂಟೆಗೆ 60 ಮೈಲಿ ವೇಗ ಕಾಯಲು ಹೆಚ್ಚುಕಡಿಮೆ 100 ಕುದುರೆ ಬಲ ಬೇಕು. ಕಾಗದದ ಮೇಲೆ ಈ ಗಾಡಿಗೆ 191 ಇದೆ. ಆದರೆ ಅದು ಬ್ಯಾಟರಿಯನ್ನೂ ಸೇರಿಸಿದ ಲೆಕ್ಕ. ಎಂಜಿನ್ ಒಂದರದ್ದೇ 162, ಸುರಂಗದ ಎತ್ತರಕ್ಕೆ ಅದು 110ರ ಆಸುಪಾಸಿಗೆ ಇಳಿದಿರುತ್ತದೆ. ಬ್ಯಾಟರಿ ಖಾಲಿಯಾದ ಮೇಲೆ 60ಕ್ಕೆ ಅಂಟಿಕೊಂಡರೆ ಎಂಜಿನ್ ತನ್ನ ಶಕ್ತಿಯನ್ನೆಲ್ಲ ಸುರಿಯುತ್ತಿರುತ್ತದೆ. ಅದೇ 45 ಮೈಲಿಗೆ ಇಳಿಸಿದರೆ 70 ಕುದುರೆ ಬಲ ಸಾಕು. 15 ಮೈಲಿ ಬಿಟ್ಟುಕೊಟ್ಟರೆ ಇಷ್ಟು ಉಸಿರು ಸಿಗುತ್ತದೆ.

ಹಾಗಾಗಿ ಏರಿನ ಬುಡದಲ್ಲೇ ವೇಗ ಇಳಿಸಿ. ಬ್ಯಾಟರಿ ಸತ್ತು ಗಾಡಿ ತಾನಾಗಿ ಕುಸಿಯುವವರೆಗೆ ಕಾಯಬೇಡಿ. ಜಾರ್ಜ್‌ಟೌನ್ ದಾಟುತ್ತಿದ್ದಂತೆ ಸಿಲ್ವರ್ ಪ್ಲೂಮ್ ಕಡೆಗೆ ಇರುವ ಏರು ಇದನ್ನು ಕಲಿಯಲು ಒಳ್ಳೆಯ ಜಾಗ. ಅಲ್ಲೇ ಲಾರಿಗಳ ಹಿಂದೆ ಸೇರಿಕೊಂಡು, ಬ್ಯಾಟರಿ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ತುಂಬ ನಿಧಾನವಾದರೆ ಹಜಾರ್ಡ್ ಲೈಟ್ ಹಾಕಿ. ಕ್ರೂಸ್ ಕಂಟ್ರೋಲ್ ಆಫ್ ಮಾಡಿ, ಅದು ವೇಗ ಕಾಯಲು ಹೋಗಿ ಬ್ಯಾಟರಿಯನ್ನು ಹಿಂಡುತ್ತದೆ.

ಎಂಜಿನ್ ಒಂದೇ ಸಮನೆ ಜೋರಾಗಿ ಕೂಗುವುದು ಈ ಗಾಡಿಯ ಗೇರ್‌ಬಾಕ್ಸ್ ಆದ ಇ-ಸಿವಿಟಿಯ ಸಹಜ ಗುಣ. ಇದರಲ್ಲಿ ಬದಲಾಯಿಸಲು ಗೇರೇ ಇಲ್ಲ, ಬಲ ಬೇಕಾದಾಗ ಎಂಜಿನ್ ಅದೇ ಸುತ್ತಿನಲ್ಲಿ ನಿಂತುಬಿಡುತ್ತದೆ. ಶಬ್ದಕ್ಕೆ ಹೆದರಬೇಡಿ. ಗಮನ ಕೊಡಬೇಕಾದ್ದು ಇವಕ್ಕೆ:

- ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಶಾಖದ ಮುಳ್ಳು ಎಂದಿನ ಜಾಗ ಬಿಟ್ಟು ಮೇಲೆ ಸರಿಯುವುದು. ಮೊದಲು ವೇಗ ಇಳಿಸಿ, ಎಸಿ ಆಫ್ ಮಾಡಿ. ಇನ್ನೂ ಏರಿದರೆ ಹೀಟರ್ ಪೂರ್ತಿ ಹಾಕಿ, ಮೊದಲು ಸಿಕ್ಕ ಎಕ್ಸಿಟ್ ಹಿಡಿಯಿರಿ.
- ಬಲ ಕಡಿಮೆ ಮಾಡಲಾಗಿದೆ ಅನ್ನುವ ಸಂದೇಶ. ಗಾಡಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಇನ್ನಷ್ಟು ತುಳಿಯಬೇಡಿ.
- ಸಿಹಿ ವಾಸನೆ. ಕೂಲಂಟ್ ಸೋರುತ್ತಿರಬಹುದು. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ.

ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಬ್ರೇಕ್ ಹಿಡಿದೇ ನಿಲ್ಲಿ. ಆಕ್ಸಿಲರೇಟರ್ ಚೂರು ಒತ್ತಿ ಗಾಡಿಯನ್ನು ಏರಿನಲ್ಲಿ ತೂಗಿ ನಿಲ್ಲಿಸುವ ಅಭ್ಯಾಸ ಕೆಲವರಿಗಿದೆ. ಸುತ್ತದೆ ನಿಂತ ಮೋಟರ್‌ಗೆ ಕರೆಂಟ್ ಸುರಿದಂತೆ ಅದು, ಕ್ಷಣದಲ್ಲಿ ಬಿಸಿಯಾಗುತ್ತದೆ.

## ಹಂತ 7: ಇಳಿಯುವುದು

ಹತ್ತುವಾಗ ತಪ್ಪಾದರೆ ಗಾಡಿ ನಿಲ್ಲುತ್ತದೆ. ಇಳಿಯುವಾಗ ತಪ್ಪಾದರೆ ನಿಲ್ಲುವುದಿಲ್ಲ. ಈ ಹಂತವನ್ನು ಎರಡು ಸಲ ಓದಿ.

ಸುರಂಗದ ಪಶ್ಚಿಮ ಬಾಯಿಂದ ಸಿಲ್ವರ್‌ಥಾರ್ನ್‌ಗೆ ಸುಮಾರು 2,000 ಅಡಿ ಇಳಿಯಬೇಕು, ಕೆಲವು ಕಡೆ ಇಳಿಜಾರು 7 ಪ್ರತಿಶತ. 2,800 ಕೆ.ಜಿ. ಅಷ್ಟು ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ನಾಲ್ಕೂವರೆ ಯೂನಿಟ್. ಗಾಳಿ ಮತ್ತು ಟೈರ್ ಒಂದಷ್ಟು ತಿನ್ನುತ್ತವೆ. ಉಳಿದದ್ದು ಬ್ಯಾಟರಿಗೆ ಹೋಗಬೇಕೆಂದರೆ ಅದರ ಹೊಟ್ಟೆಯೇ 1.1 ಯೂನಿಟ್, ಅದರಲ್ಲೂ ಒಂದಿಷ್ಟು ಮೊದಲೇ ತುಂಬಿರುತ್ತದೆ. ಮಿಕ್ಕಿದ್ದನ್ನೆಲ್ಲ ಎಂಜಿನ್ ತಡೆಯಬೇಕು, ಇಲ್ಲವೇ ಬ್ರೇಕ್ ಪ್ಯಾಡ್ ಸುಡಬೇಕು.

ಆಗುಂಬೆ, ಚಾರ್ಮಾಡಿಯಲ್ಲಿ ಓಡಿಸಿ ಕಲಿತವರಿಗೆ ಹತ್ತಿದ ಗೇರಲ್ಲೇ ಇಳಿಯಬೇಕು ಅನ್ನುವುದು ಗೊತ್ತು. ಇಲ್ಲಿ ಆ ಗೇರಿನ ಬದಲು ಇರುವುದು ಎಲ್ ಅಕ್ಷರದ ಸ್ಥಾನ. ಎಲ್ ಹಾಕಿದರೆ ಮೊದಲು ಮೋಟರ್ ಬ್ಯಾಟರಿ ತುಂಬಿಸುತ್ತ ಗಾಡಿಯನ್ನು ಹಿಡಿದಿಡುತ್ತದೆ. ಬ್ಯಾಟರಿ ತುಂಬಿದ ಮೇಲೆ ಆ ಶಕ್ತಿಯಿಂದ ಎಂಜಿನ್ ಅನ್ನೇ ಜೋರಾಗಿ ತಿರುಗಿಸುತ್ತದೆ. ಪೆಡಲ್ ಮುಟ್ಟದೆಯೇ ಎಂಜಿನ್ ಕೂಗಲು ಶುರು ಮಾಡುತ್ತದೆ. ಬಹಳ ಜನ ಇಲ್ಲೇ ಗಾಬರಿಯಾಗಿ ಡಿ ಅಥವಾ ನ್ಯೂಟ್ರಲ್‌ಗೆ ಹಾಕಿಬಿಡುತ್ತಾರೆ. ಆ ಕೂಗು ನಿಮ್ಮ ಬ್ರೇಕನ್ನು ಉಳಿಸುತ್ತಿರುವ ಸದ್ದು, ಬಿಟ್ಟುಬಿಡಿ. ನ್ಯೂಟ್ರಲ್‌ನಲ್ಲಂತೂ ಈ ಹಿಡಿತ ಯಾವುದೂ ಇರುವುದಿಲ್ಲ.

ಕ್ರಮ ಹೀಗಿರಲಿ.

1. ಇಳಿಜಾರು ಶುರುವಾಗುವ ಮುಂಚೆ ವೇಗ 40-45 ಮೈಲಿಗೆ ತನ್ನಿ. ಸುರಂಗದಿಂದ ಹೊರಬಿದ್ದ ಕೂಡಲೇ ಇಳಿಜಾರು, ಆದ್ದರಿಂದ ಒಳಗಿರುವಾಗಲೇ ಎಲ್‌ಗೆ ಹಾಕಿ.
2. ವೇಗ 45 ದಾಟಿದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿ 40ಕ್ಕೆ ತಂದು, ಪೂರ್ತಿ ಬಿಟ್ಟುಬಿಡಿ. ಮತ್ತೆ ಏರಿದರೆ ಮತ್ತೆ ಹಾಗೇ ಮಾಡಿ. ಮಧ್ಯದ ಬಿಡುವಿನಲ್ಲಿ ಡಿಸ್ಕ್ ತಣ್ಣಗಾಗುತ್ತದೆ.
3. ಪೆಡಲ್ ಮೇಲೆ ಮೆಲ್ಲಗೆ ಕಾಲಿಟ್ಟುಕೊಂಡೇ ಇಳಿಯಬೇಡಿ. ನಿಂತಾಗಲೆಲ್ಲ ಎಷ್ಟು ಶಕ್ತಿ ವಾಪಸ್ ಬಂತು ಅಂತ ಅಂಕ ಕೊಡುವ ಬ್ರೇಕ್ ಕೋಚ್ ನೋಡಿ ಹಗುರವಾಗಿ, ಉದ್ದಕ್ಕೆ ಒತ್ತುವ ಅಭ್ಯಾಸ ಆಗಿರುತ್ತದೆ. ಊರಲ್ಲಿ ಅದು ಒಳ್ಳೆಯದು, ಇಲ್ಲಿ ಅಲ್ಲ.

ಟ್ರೇಲರ್ ಅಕ್ಕಪಕ್ಕ ತೂಗಲು ಶುರುವಾದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ, ಸ್ಟಿಯರಿಂಗ್ ನೇರ ಹಿಡಿಯಿರಿ, ಟ್ರೇಲರ್ ಬ್ರೇಕ್ ಮಾತ್ರ ಕೈ ಲಿವರ್‌ನಿಂದ ಒತ್ತಿ. ಗಾಡಿಯ ಬ್ರೇಕನ್ನು ಜೋರಾಗಿ ತುಳಿಯಬೇಡಿ, ಸ್ಟಿಯರಿಂಗ್ ಆಚೆ ಈಚೆ ತಿರುಗಿಸಬೇಡಿ.

ಸುಟ್ಟ ವಾಸನೆ, ಟ್ರೇಲರ್ ಚಕ್ರದ ಹತ್ತಿರ ಹೊಗೆ, ಪೆಡಲ್ ಎಂದಿಗಿಂತ ಕೆಳಗೆ ಹೋಗುವುದು: ಈ ಮೂರರಲ್ಲಿ ಒಂದು ಕಂಡರೂ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ತಣ್ಣಗಾಗಲು ಬಿಡಿ. ನೀರು ಸುರಿಯಬೇಡಿ, ಡಿಸ್ಕ್ ಬಿರುಕು ಬಿಡುತ್ತದೆ. ಬ್ರೇಕ್ ಪೂರ್ತಿ ಕೈಕೊಟ್ಟರೆ ಈ ಇಳಿಜಾರಿನಲ್ಲಿ ಬ್ರೇಕ್ ಹೋದ ಲಾರಿಗಳು ನುಗ್ಗಿ ನಿಲ್ಲಲೆಂದು ಮಾಡಿರುವ ಪಕ್ಕದಾರಿ, ರನ್‌ಅವೇ ರ‍್ಯಾಂಪ್ ಇದೆ. ಜೀವ ಉಳಿಸಿಕೊಳ್ಳಲು ಯಾವ ಗಾಡಿಯಾದರೂ ಅದಕ್ಕೆ ನುಗ್ಗಬಹುದು, ಹಿಂಜರಿಯಬೇಡಿ.

ಕೆಳಗೆ ತಲುಪಿದ ಮೇಲೆ ನಿಲ್ಲಿಸಿ ಟ್ರೇಲರ್‌ನ ಎರಡೂ ಹಬ್‌ಗಳ (ಚಕ್ರದ ನಡುಭಾಗ) ಶಾಖ ಅಳೆಯಿರಿ. ಎರಡೂ ಬಿಸಿ ಇದ್ದರೆ ಸಹಜ. ಒಂದು ಇನ್ನೊಂದಕ್ಕಿಂತ ತುಂಬಾ ಬಿಸಿ ಇದ್ದರೆ ಬೇರಿಂಗ್ ಹೋಗುತ್ತಿದೆ ಅಥವಾ ಬ್ರೇಕ್ ಅಂಟಿಕೊಂಡಿದೆ. ಮುಂದೆ ಹೋಗುವ ಮೊದಲು ತೋರಿಸಿ.

## ಹಂತ 8: ಕ್ಯಾಂಪ್‌ನಲ್ಲಿ ರಿವರ್ಸ್

ಇದನ್ನು ಗಾಡಿ ಮಾರುವವರು ಹೇಳುವುದಿಲ್ಲ. ಈ ಬಗೆಯ ಹೈಬ್ರಿಡ್‌ನಲ್ಲಿ ರಿವರ್ಸ್ ಹೋಗುವಾಗ ಚಕ್ರ ತಿರುಗಿಸುವುದು ಎಲೆಕ್ಟ್ರಿಕ್ ಮೋಟರ್ ಒಂದೇ. ಎಂಜಿನ್ ಆನ್ ಆದರೂ ಅದು ಕರೆಂಟ್ ಮಾಡುತ್ತದೆಯೇ ಹೊರತು ನೇರವಾಗಿ ತಳ್ಳುವುದಿಲ್ಲ. ಬೆಟ್ಟ ಹತ್ತಿ ಬ್ಯಾಟರಿ ಖಾಲಿಯಾಗಿ, ಮೋಟರ್ ಬಿಸಿಯಾಗಿ ಬಂದಿರುತ್ತದೆ. ಆಗ ಜಲ್ಲಿ ದಾರಿಯ ಏರಿನಲ್ಲಿ ಟ್ರೇಲರ್ ಹಿಂದಕ್ಕೆ ತಳ್ಳಿ ಅಂದರೆ ಗಾಡಿ ಜಗ್ಗದೆ ನಿಲ್ಲಬಹುದು.

ಅದಕ್ಕೇ ಜಾಗ ಬುಕ್ ಮಾಡುವಾಗಲೇ ಒಂದು ಕಡೆಯಿಂದ ಒಳಹೋಗಿ ಇನ್ನೊಂದು ಕಡೆಯಿಂದ ಹೊರಬರುವ ಪುಲ್-ಥ್ರೂ ಸೈಟ್ ಕೇಳಿ. ಅದು ಸಿಗದಿದ್ದರೆ ಸಮತಟ್ಟಾದ ಸೈಟ್, ಅಥವಾ ರಿವರ್ಸ್ ಹೋಗುವ ದಿಕ್ಕು ಇಳಿಜಾರಾಗಿರುವುದು. ಗೊತ್ತಿಲ್ಲದ ಮಣ್ಣುದಾರಿಗೆ ಟ್ರೇಲರ್ ಸಮೇತ ಇಳಿಯಬೇಡಿ. ಮೊದಲು ಒಬ್ಬರು ನಡೆದು ಹೋಗಿ, ತುದಿಯಲ್ಲಿ ತಿರುಗಿಸಲು ಜಾಗ ಇದೆಯಾ ಅಂತ ನೋಡಿ ಬರಲಿ. ಅನಿವಾರ್ಯವಾಗಿ ಏರಿನಲ್ಲೇ ರಿವರ್ಸ್ ಹಾಕಬೇಕಾದರೆ ಗಾಡಿಗೆ ಸ್ವಲ್ಪ ಹೊತ್ತು ವಿರಾಮ ಕೊಡಿ, ಟ್ರೇಲರ್‌ನಿಂದ ಭಾರದ ಸಾಮಾನು ಇಳಿಸಿ, ಆಮೇಲೆ ಒಂದೇ ಸಮನೆ ನಿಧಾನಕ್ಕೆ ಹೋಗಿ. ಎರಡು ಸಲ ತಡವರಿಸಿ ನಿಂತರೆ ಮೂರನೆಯ ಸಲ ಒತ್ತಾಯ ಮಾಡಬೇಡಿ. ಟ್ರೇಲರ್ ಚಕ್ರಕ್ಕೆ ಎರಡೂ ಕಡೆ ಚಾಕ್ ಒತ್ತಿ, ಅದು ಕದಲುವುದಿಲ್ಲ ಅಂತ ಖಾತ್ರಿಯಾದ ಮೇಲೆ ಕೊಂಡಿ ಬಿಚ್ಚಿ, ಕ್ಯಾಂಪ್‌ನವರನ್ನು ಕರೆಯಿರಿ.